ನಟ್ಟನಡುವೆ ಹೆಸರಿದ್ದ ತಟ್ಟೆ

ಇವತ್ತು ನನ್ನ ಹದಿನೇಳರ ಮೊಮ್ಮಗಳು ಭಾರತಿ ತಾನಾಗೇ ಬಾಯಿಬಿಟ್ಟು, "ಅಜ್ಜೀ, ಅಮ್ಮನ ತಟ್ಟೆ ಎಲ್ಲಿಕ್ಕಿದ್ದೀಯ? ತಕ್ಕೊಂಡ್ ಬಾ, ನಿಮ್ ಜೊತೇಲೇ ಉಣ್ತೀನಿ" ಅಂದಳು! ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೂ ಈ ಸಂತೋಷವನ್ನು ನಿಮ್ಮ ಮುಂದೆ ಸುರಿಯದೆ ಇರಲಾರೆ.

ಅದು ನನ್ನ ಮಗಳ ಮದುವೆಗೆ ಕೊಟ್ಟ ಸ್ಟೀಲು ತಟ್ಟೆ. ಅಂಗಡಿಯವನು ಅಂಚಿನಲ್ಲಿ ಕೊರೆಯುವ ಬದಲು ನಟ್ಟನಡುವೆ ತೆಲುಗಕ್ಷರದಲ್ಲಿ 'ಈಶ್ವರಮ್ಮ' ಎಂದು ಅವಳ ಹೆಸರು ಕೊರೆದಿದ್ದ. ಎರಡು ವರ್ಷದ ಹಿಂದೆ ಅವಳು ಜ್ವರದಲ್ಲಿ ತೀರಿಕೊಂಡಾಗ, ತಾಯಿಯಿಲ್ಲದ ಹುಡುಗಿಯ ಕಣ್ಣಿಗೆ ಬೀಳದಿರಲೆಂದು ತಟ್ಟೆಯನ್ನು ಅಟ್ಟಕ್ಕೇರಿಸಿದೆ, ಮನೆಯಲ್ಲಿ ಯಾರೂ ಆ ಹೆಸರೆತ್ತಬಾರದೆಂದೆ. ನೇಕಾರರ ಬುದ್ಧಿ ನಮ್ಮದು. ಎಳೆ ತುಂಡಾದರೆ ಗಂಟು ಹಾಕಿ, ಗಂಟನ್ನು ಸೀರೆಯ ಹಿಂಬದಿಗೆ ಸರಿಸಿ, ಮುಂದಕ್ಕೆ ನೇಯುತ್ತೇವೆ. ಭಾರತಿ ಅಂದಿನಿಂದ ನಮ್ಮ ಊಟದ ಸಾಲಿನಲ್ಲಿ ಕೂರಲಿಲ್ಲ. ಮಗ್ಗದ ಹಿಂದೆ ಎರಡು ತುತ್ತು ನುಂಗುತ್ತಾ, ಕೈಯ ಬಳೆ ಮೊಣಕೈಗೇರುವಷ್ಟು ಸೊರಗಿದಳು.

ನಮ್ಮ ಕಲ್ಯಾಣದುರ್ಗದಿಂದ ಅವಳನ್ನು ಹಿಂದೂಪುರಕ್ಕೆ ಕರೆದೊಯ್ದೆ. ಅಲ್ಲಿ ಮನಸ್ಸಿನ ಕಷ್ಟ ಕೇಳುವ ಮೇಡಂ ಎರಡು ದಾರಿ ತೋರಿಸಿದರು: ಎಂಟು ವಾರ ಬಂದು ಊಟ, ನಿದ್ದೆ ಸರಿಪಡಿಸಿಕೊಳ್ಳುವುದು, ಇಲ್ಲವೇ ವರ್ಷವೋ ಇನ್ನೂ ಹೆಚ್ಚೋ ಮಾತಾಡುತ್ತಾ ದುಃಖದ ಒಳಗಿಳಿಯುವುದು.

ನಾನು ಮುಂದೆ ಬಿದ್ದೆ. "ಎಂಟೇ ಸಾಕು ಕಣಮ್ಮ. ಬಸ್ಸು ಸೋಮಂದೇಪಲ್ಲಿ ದಾಟೋ ಹೊತ್ಗೆ ನನ್ ಮಂಡಿ ಕಳಚ್ಕೊಂಡ್ಬುಡ್ತದೆ."

"ನಿನ್ ಮಂಡಿ ಮನೇಲಿರ್ಲಿ ಬಿಡಜ್ಜಿ, ನಾನೊಬ್ಳೇ ಬತ್ತೀನಿ," ಎಂದಳು ಭಾರತಿ, ನೆಲ ನೋಡುತ್ತಲೇ. "ಉಣ್ಣಾಕೆ ಎಂಟು ವಾರ ಸಾಕು. ಅಮ್ಮ ಅನ್ನಾಕೆ ಸಾಲ್ದು."

ಅವಳು ಹೇಳಿದ್ದಕ್ಕೇ ಒಪ್ಪಿದೆ. ಮಗ್ಗದಲ್ಲಿ ಮುಗಿದ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸನ್ನು ಕೆಚ್ಚಿ ಸೇರಿಸುವಾಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆಯುವವಳು ನಾನೇ. ಬೇಗ ಎಂದವರನ್ನು ಬೈಯುವವಳೂ ನಾನೇ. "ತೊಂದರ ಲೇದವ್ವಾ," ಅವಸರವಿಲ್ಲವೆಂದರು ಮೇಡಂ.

ಹದಿನಾಲ್ಕು ತಿಂಗಳು ವಾರಕ್ಕೊಂದು ಬಸ್ಸು. ಕೆಲವು ವಾರ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಸೋತು ಬರುತ್ತಿದ್ದಳು. ಬಾಗಿಲಲ್ಲಿ ಕಾಯುತ್ತಾ ಕೂತಾಗ ನನಗೆ ತಿಳಿಯಿತು, ತಟ್ಟೆ ಬಚ್ಚಿಟ್ಟದ್ದು ಅವಳ ಕಣ್ಣಿನಿಂದಲ್ಲ, ನನ್ನ ಕಣ್ಣಿನಿಂದ. ಹೆತ್ತ ಮಗಳಿಗಾಗಿ ನಾನಿನ್ನೂ ಅತ್ತಿರಲಿಲ್ಲ.

ಈ ಸಂಜೆ ತಟ್ಟೆ ಇಳಿಸಿ, ಬೂದಿಯಲ್ಲಿ ತಿಕ್ಕಿ, ಬಿಸಿ ಮುದ್ದೆಯಿಟ್ಟು ಸಾರು ಬಿಟ್ಟೆ; ಹೆಸರು ಮುಚ್ಚಿಹೋಯಿತು. ಭಾರತಿಯ ಅಪ್ಪನಾದ ನನ್ನ ಅಳಿಯ, ಸುದ್ದಿ ಕೇಳಿ ರೊದ್ದಂನಿಂದ ಓಡಿಬಂದ ನನ್ನ ಮಗ, ನಾನು, ಭಾರತಿ ಸಾಲಾಗಿ ಕೂತೆವು. ಭಾರತಿ ಮೊದಲ ತುತ್ತು ಮುರಿದು ಬಾಯಿಗಿಟ್ಟಳು.

"ಅಮ್ಮ ಇಷ್ಟು ಉಪ್ಪಾಕ್ತಿರ್ಲಿಲ್ಲ ಕಣಜ್ಜಿ," ಎಂದಳು.

ಮಗ ನಕ್ಕುಬಿಟ್ಟ. ಅಳಿಯ ಮುಖ ಆಚೆ ತಿರುಗಿಸಿದ. ಅವಳು ಮುರಿದು ಉಂಡಂತೆಲ್ಲ ಸಾರಿನಡಿಯಿಂದ ಒಂದೊಂದೇ ಅಕ್ಷರ ಮೇಲೆದ್ದಿತು. ನನ್ನ ಮಗಳು ಪೂರ್ತಿ ಕಂಡಾಗ, ಕಣ್ಣೊರೆಸಿಕೊಳ್ಳದೆಯೇ, ಅದರ ಮೇಲೆ ಇನ್ನೊಂದು ಮುದ್ದೆ ಇಟ್ಟೆ.