ಪಾಳು ಸ್ಟೇಷನ್ನಿನಲ್ಲಿ ಹೊಯ್ದ ನೀರು

ದೆವ್ವಗಿವ್ವ ಎಂದು ಮಾತೆತ್ತಿದವರನ್ನು ಗೇಲಿ ಮಾಡಿಕೊಂಡೇ ಬಂದವನು ನಾನು. ಈಗಲೂ ಯಾರಾದರೂ ಹುಣಸೆಮರದ ಮೋಹಿನಿಯ ಕತೆ ತೆಗೆದರೆ ನಗುತ್ತೇನೆ. ಇದೊಂದಕ್ಕೆ ಮಾತ್ರ ನಗು ಬರುವುದಿಲ್ಲ.

ಬದನಗುಪ್ಪೆಯಿಂದಾಚೆ, ನಮ್ಮೂರ ಹೊಲಗಳ ಅಂಚಿನಲ್ಲಿ ಒಂದು ಪಾಳು ರೈಲ್ವೆ ಸ್ಟೇಷನ್ ಇದೆ. ಹಿಂದೆ ಪಕ್ಕದ ಬಯಲಲ್ಲಿ ಮಿಲಿಟರಿ ಕ್ಯಾಂಪಿದ್ದಾಗ ಅದಕ್ಕೆಂದೇ ಕಟ್ಟಿದ್ದು. ಸಿಪಾಯಿಗಳು ರೈಲು ಹತ್ತುವ ದಿನ ಮನೆಗೊಬ್ಬರು ಚೊಂಬು ಹಿಡಿದು ಹೋಗಿ, ಅವರ ಬೊಗಸೆಗೆ ನೀರು ಹೊಯ್ಯುವುದು ನಮ್ಮೂರ ವಾಡಿಕೆ. ಕ್ಯಾಂಪ್ ಎದ್ದುಹೋಯಿತು, ರೈಲೂ ನಿಲ್ಲದಾಯಿತು. ಈಗ ಅಲ್ಲಿರುವುದು ಪ್ಲಾಟ್‌ಫಾರ್ಮಿನ ಕಲ್ಲುಕಟ್ಟೆ, ಕುಸಿದ ಗೋಡೆ, ಜಾಲಿಗಿಡ.

ನನ್ನ ಸೋದರಮಾವ ಸೈನ್ಯಕ್ಕೆ ಸೇರಿ ಅಲ್ಲಿಂದಲೇ ರೈಲು ಹತ್ತಿದವನು ಮರಳಲಿಲ್ಲ. ಪಿತೃಪಕ್ಷದಲ್ಲಿ ಮನೆಯವರು ಅವನ ಹೆಸರಿಗೆ ಎಡೆ ಇಟ್ಟರೆ, ಅವನ ತಂಗಿ, ಅಂದರೆ ನನ್ನ ಚಿಕ್ಕವ್ವ, ಅಣ್ಣ ಬದುಕಿದ್ದಾನೆಂದು ಹಟ ಹಿಡಿದು ಒಬ್ಬಳೇ ಚೊಂಬಿನೊಂದಿಗೆ ಆ ಕಟ್ಟೆಗೆ ಹೋಗುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಹಾಸಿಗೆ ಹಿಡಿದಾಗ, ತನ್ನ ಬದಲು ಹೋಗಿಬರಲು ನನ್ನನ್ನು ಕರೆದಳು.

"ಚೊಂಬ ಇಟ್‌ಬುಟ್ಟು ಬರ್ಬ್ಯಾಡ ಕಣ್ಲಾ. ಬೊಗ್ಸೆಗೆ ಉಯ್ಯಂಗೆ ಉಯ್ಯಿ. ಅವತ್ತು ನಾನು ಉಯ್ತಿದ್ದಂಗೇ ರೈಲು ಕೂಗ್‌ಬುಡ್ತು. ಅರ್ದ ಕುಡ್ದು ಓಡೋದ ನಿಮ್ ಮಾವ."

ಮುದುಕಿಯ ಸಮಾಧಾನಕ್ಕೆ ಒಂದು ಚೊಂಬು ನೀರು ತಾನೆ, ಎಂದುಕೊಂಡು ಸಂಜೆ ಹೊರಟೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಬಿಕೋ ಎನ್ನುತ್ತಿತ್ತು. ಯಾರಾದರೂ ಕಂಡರೆ ಏನಂದುಕೊಂಡಾರೋ ಎಂದು ನಾಚಿಕೊಂಡೇ ಚೊಂಬು ಬಾಗಿಸಿದೆ. ನೀರು ಇಳಿಯಿತು, ಆದರೆ ಬಿದ್ದ ಸದ್ದಿಲ್ಲ. ನೋಡುತ್ತೇನೆ, ಧಾರೆ ನನ್ನ ಸೊಂಟದ ಮಟ್ಟಕ್ಕೇ ಮುಗಿದುಹೋಗುತ್ತಿದೆ! ಚೊಂಬು ಬರಿದಾಗುವವರೆಗೂ ಹಾಗೆಯೇ. ಬಗ್ಗಿ ಕಲ್ಲು ಮುಟ್ಟಿದೆ. ಹನಿ ನೀರಿಲ್ಲ, ಬರೀ ಧೂಳು. ಹಿಂತಿರುಗಿ ನೋಡದೆ ಮನೆ ಸೇರಿದೆ.

"ಕುಡುದ್ನಾ?" ಎಂದಳು ಚಿಕ್ಕವ್ವ.

"ಊಂ ಚಿಕ್ಕವ್ವ, ಕುಡ್ದ," ಎಂದೆ. ಹೋಗುವಾಗ ಇದೇ ಮಾತನ್ನು ಸುಳ್ಳಾಗಿ ಹೇಳೋಣವೆಂದು ಸಿದ್ಧಮಾಡಿಕೊಂಡಿದ್ದೆ.

"ಸಾಕಾ ಅಂತ ಕೇಳ್ದೇನ್ಲಾ?"

ಕೇಳಿರಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು. ಆ ವಾರವೇ ತೀರಿಕೊಂಡಳು.

ಅಂದು ನಡೆದದ್ದೇನು, ಇಂದಿಗೂ ನನಗೆ ಗೊತ್ತಿಲ್ಲ. ಯಾರನ್ನು ಕೇಳಲಿ? ಆಮೇಲೆ ಎಷ್ಟೋ ಸಂಜೆ ಬಿಂದಿಗೆಯನ್ನೇ ಹೊತ್ತು ಒಬ್ಬನೇ ಹೋಗಿದ್ದೇನೆ. ಬಾಗಿಸಿ ಹೊಯ್ಯುತ್ತಾ, "ಸಾಕಾ ಮಾವ?" ಎಂದು ಕೇಳುತ್ತೇನೆ. ನೀರೆಲ್ಲ ಕಲ್ಲಿನ ಮೇಲೆ ಬಿದ್ದು ಹರಿದುಹೋಗುತ್ತದೆ.