ಅಪ್ಪನ ಸ್ಟೇರಿಂಗಿನ ಹುರಿ

ನೈಲಾನ್ ಹುರಿಯ ತುದಿಗೆ ಬೆಂಕಿಕಡ್ಡಿ ಹಿಡಿದರೆ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರಬಹುದು, ಸುಟ್ಟ ಕೂದಲಿಗೂ ಹೊಸ ಚಪ್ಪಲಿಗೂ ನಡುವೆ ಎಲ್ಲೋ ನಿಲ್ಲುವ ವಾಸನೆ. ಹೋದ ಭಾನುವಾರ ಬೆಳಿಗ್ಗೆ ವಾಸ್ಕೋದಲ್ಲಿ, ಮನೆಯ ಕೆಳಗೆ ನಿಲ್ಲಿಸಿದ್ದ ನನ್ನ ಹಳೆಯ ಕಾರಿನಲ್ಲಿ ಕೂತು ನಾನು ಆ ಕೆಲಸ ಮಾಡುತ್ತಿದ್ದೆ. ಕಾರಿನ ಸ್ಟೇರಿಂಗಿನ ಮೇಲ್ಪದರ ಸುಲಿದುಹೋಗಿ, ಇಳಿದಾಗಲೆಲ್ಲ ಅಂಗೈಗೆ ಕಪ್ಪು ಚೂರುಗಳು ಅಂಟಿಕೊಂಡಿರುತ್ತಿದ್ದವು. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಒಂದು ಕವರ್ ಹಾಕಿ ಕೊಡುತ್ತಾರೆ. ನಾನು ಮಾತ್ರ ಪ್ಯಾರಾಕಾರ್ಡ್ ಎಂಬ ಹುರಿಯನ್ನು ತರಿಸಿಕೊಂಡೆ. ಹಿಂದೆ ಪ್ಯಾರಾಚೂಟಿಗೆ ಕಟ್ಟುತ್ತಿದ್ದ ಹುರಿಯಂತೆ. ವಾರಕ್ಕೊಮ್ಮೆ ತರಕಾರಿ ತರಲು ಹೋಗುವ ನಿವೃತ್ತ ಮೇಷ್ಟರ ಕಾರಿಗೆ ಪ್ಯಾರಾಚೂಟಿನ ಹುರಿ ಏಕೆ ಎಂದು ನೀವು ನಗಬಹುದು. ನಾನೂ ನಕ್ಕೆ. ನಗುತ್ತಲೇ ತುದಿಯನ್ನು ಸುಟ್ಟೆ, ವಾಸನೆ ಬಂತು, ಮೊದಲ ಸುತ್ತಿಗೇ ಕೈ ನಿಂತುಬಿಟ್ಟಿತು.

ನಾನು ಇತಿಹಾಸ ಕಲಿಸಿದವನು. ‘ಕಣ್ಣಾರೆ ಕಂಡೆ’ ಎನ್ನುವವನನ್ನೇ ಮೊದಲು ಅನುಮಾನಿಸಿ ಎಂದು ಬಹಳ ವರ್ಷ ಹುಡುಗರಿಗೆ ಹೇಳಿದ್ದೇನೆ. ಆ ಉಪದೇಶವನ್ನು ನನ್ನ ಮೇಲೆಯೇ ಪ್ರಯೋಗಿಸಿಕೊಳ್ಳುವ ಚಟವೂ ಇದೆ. ಏನಾದರೂ ನೆನಪಾದರೆ ತಕ್ಷಣ ನಂಬುವುದಿಲ್ಲ, ಕಪಾಟು ತೆಗೆದು ದಿನಚರಿ ಹುಡುಕುತ್ತೇನೆ. ಮನೆಯಲ್ಲಿ ನಾನೊಬ್ಬನೇ ಇರುವುದರಿಂದ ಇದಕ್ಕೆ ಯಾರ ಅಡ್ಡಿಯೂ ಇಲ್ಲ. ಅವತ್ತೂ ಹುಡುಕಿದೆ. ಎಂ.ಎ. ಎರಡನೇ ವರ್ಷದ ದಿನಚರಿಯಲ್ಲಿ, ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಹೀಗಿದೆ: ‘ಅಪ್ಪನ ಸ್ಟೇರಿಂಗಿಗೆ ಹೊಸ ಹುರಿ ಸುತ್ತಿದೆ. ಕೈ ನೋಯುತ್ತಿದೆ.’ ಮರುದಿನದ ಪುಟದಲ್ಲಿ ಎರಡೇ ಶಬ್ದ: ‘ಬಿಸಿಲು ಜಾಸ್ತಿ.’

ಆ ಎರಡು ಶಬ್ದಗಳ ಅಡಿಯಲ್ಲಿ ನಾನು ಏನನ್ನು ಮುಚ್ಚಿಟ್ಟೆ ಎಂಬುದನ್ನೇ ನಿಮಗೆ ಹೇಳಬೇಕಾಗಿದೆ.

ಅಪ್ಪ ಸಂಗಪ್ಪ ವಿಜಾಪುರದ ಕಡೆಯಿಂದ ಬಂದು ಗೋವಾದ ಡಿಚೋಲಿಯಲ್ಲಿ ಅದಿರಿನ ಟ್ರಕ್ ಓಡಿಸುತ್ತಿದ್ದರು. ಮೈನಿನಿಂದ, ಅದಿರನ್ನು ದೋಣಿಗೆ ತುಂಬುವ ನದಿಯ ದಕ್ಕೆಗೆ, ದಕ್ಕೆಯಿಂದ ಮತ್ತೆ ಮೈನಿಗೆ. ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ನಾನು ಧಾರವಾಡದ ಹಾಸ್ಟೆಲಿನಲ್ಲಿ, ಅಪ್ಪ ಡಿಚೋಲಿಯ ಒಂದು ಖೋಲಿಯಲ್ಲಿ. ರಜೆಗೆ ಹೋದರೆ ನಾವಿಬ್ಬರೂ ಎದುರುಬದುರು ಕೂತು ಊಟ ಮಾಡುತ್ತಿದ್ದೆವು. ‘ಅಭ್ಯಾಸ ಹೆಂಗೈತಿ?’ ‘ಚಲೋ ಐತಿ.’ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಉಳಿದ ಮಾತನ್ನೆಲ್ಲ ಅಪ್ಪನ ಗೆಳೆಯ, ಬದಲಿ ಡ್ರೈವರ್ ಮಾಬೂಸಾಬ್ ಆಡುತ್ತಿದ್ದರು. ನಾನು ಅವರನ್ನು ಮಾಬು ಕಾಕಾ ಎನ್ನುತ್ತಿದ್ದೆ.

‘ಏನ ಓದತಿ ಮಾಸ್ತರ?’

‘ಇತಿಹಾಸ, ಕಾಕಾ.’

‘ಅಂದ್ರ ಸತ್ತವರ ಸುದ್ದಿ. ಬದುಕಿದ್ದವರ ಸುದ್ದಿ ಕೇಳಾಕ ಯಾವ ಕಾಲೇಜ್ ಐತಿ? ನಿಮ್ಮಪ್ಪನ್ನ ಒಂದ ಬೆಂಚ್ ಮ್ಯಾಲ ಕುಂಡ್ರಸೂಣು, ಮುಂದಿನ ಬೆಂಚ್‌ನ್ಯಾಗ ನೀ ಕುಂಡ್ರು.’

ಅಪ್ಪ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಾಸ್ಟೆಲಿನಲ್ಲಿ ಯಾರಾದರೂ ‘ನಿಮ್ಮ ತಂದೆ ಏನು ಮಾಡ್ತಾರೆ?’ ಎಂದು ಕೇಳಿದರೆ ‘ಗೋವಾದಲ್ಲಿ ಮೈನಿಂಗ್ ಕಂಪನಿಯಲ್ಲಿದ್ದಾರೆ’ ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದೆ. ಇದು ಸುಳ್ಳೇನಲ್ಲ ಎಂದು ಆಗ ಅನ್ನಿಸುತ್ತಿತ್ತು.

ಆ ಟ್ರಕ್ಕಿನ ಸ್ಟೇರಿಂಗ್ ಎಂದೋ ಬಿರುಕುಬಿಟ್ಟು, ಒಳಗಿನ ಕಬ್ಬಿಣದ ಬಳೆ ಕಾಣುತ್ತಿತ್ತಂತೆ. ಆಗಿನ್ನೂ ನಾನು ಅದನ್ನು ಬರಿದಾಗಿ ಕಂಡಿರಲಿಲ್ಲ, ಏಕೆಂದರೆ ಅದರ ಮೇಲೆ ಯಾವಾಗಲೂ ಹುರಿ ಇರುತ್ತಿತ್ತು. ಮಳೆಗಾಲದಲ್ಲಿ ಮೈನು ಬಂದಾದಾಗ ಅಪ್ಪ ಬಸ್ಸು ಹಿಡಿದು ವಾಸ್ಕೋದ ಕಡಲತೀರ ಬಾಯ್ನಾಕ್ಕೆ ಹೋಗಿ, ಮೀನುಗಾರರಿಂದ ಬಲೆಯ ಅಂಚಿಗೆ ಹಾಕುವ ನೈಲಾನ್ ಹುರಿ ತರುತ್ತಿದ್ದರು. ಅದನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು, ಪಾದಗಳ ನಡುವೆ ಒಂದು ತುದಿ ಒತ್ತಿಹಿಡಿದು, ಸುತ್ತಿನ ಪಕ್ಕಕ್ಕೆ ಸುತ್ತು ಕೂಡಿಸುತ್ತ ಎಳೆಯುತ್ತಿದ್ದರು. ‘ಕೈ ಎಲ್ಲೈತಿ ಅಂತ ಕಣ್ಣಿಗೆ ಕೇಳಬಾರ್ದು, ಕೈಗೇ ಗೊತ್ತಾಗಬೇಕು’ ಎನ್ನುತ್ತಿದ್ದರು. ಕೊನೆಯಲ್ಲಿ ತುದಿಯನ್ನು ಸುಟ್ಟು, ಬಿಸಿಯಿರುವಾಗಲೇ ಹೆಬ್ಬೆರಳಿನಿಂದ ಒತ್ತಿಬಿಡುತ್ತಿದ್ದರು. ಅವರಿಗೆ ಸುಡುತ್ತಿರಲಿಲ್ಲ, ಹೆಬ್ಬೆರಳು ಅಷ್ಟು ಜಡ್ಡುಗಟ್ಟಿತ್ತು.

ಈ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಹಳೆಯ ಹುರಿ ಸವೆದರೆ ಅದನ್ನು ಕೊಯ್ಯುವುದಿಲ್ಲ, ಅದರ ಮೇಲೆಯೇ ಹೊಸದನ್ನು ಸುತ್ತುತ್ತಾರೆ. ಹುರಿ ಕೊಯ್ಯುವುದು ಒಂದೇ ಸಲ, ಡ್ರೈವರ್ ಆ ಗಾಡಿ ಬಿಟ್ಟು ಇಳಿಯುವಾಗ. ಅವನೇ ಕೊಯ್ದು ಇಳಿಯುತ್ತಾನೆ, ಹೊಸಬ ತನ್ನ ಹುರಿ ಸುತ್ತಿಕೊಂಡು ಹತ್ತುತ್ತಾನೆ. ಒಬ್ಬನ ಹುರಿ ಸ್ಟೇರಿಂಗಿನ ಮೇಲಿರುವವರೆಗೆ ಅವನನ್ನು ಇಳಿ ಎಂದು ಯಾರೂ ಅನ್ನುವಂತಿರಲಿಲ್ಲ. ಪಾತ್ರಾಂವ, ಅಂದರೆ ಟ್ರಕ್ಕಿನ ಮಾಲೀಕರು, ಅವರೂ ಅನ್ನುವಂತಿರಲಿಲ್ಲ. ಹಾಗೆಂದುಬಿಟ್ಟರೆ ಲೈನಿನಲ್ಲಿ ಓಡುತ್ತಿದ್ದ ಅಷ್ಟೂ ಡ್ರೈವರುಗಳು ಕೆಲಸ ನಿಲ್ಲಿಸಿ, ಕೀಲಿ ತಿರುಗಿಸುತ್ತಿರಲಿಲ್ಲ. ಇದು ಎಲ್ಲೂ ಬರೆದಿಟ್ಟದ್ದಲ್ಲ. ಅಪ್ಪನ ಸ್ಟೇರಿಂಗ್ ಏಳು ಪದರವಾಗಿ, ಒಳ್ಳೆ ಬಾಳೆಕಾಯಿಯಷ್ಟು ದಪ್ಪಗಾಗಿತ್ತು.

ಅವರಿಗೆ ಆ ಹುರಿಯ ಕಾವಲು ಬೇಕಿತ್ತು. ಎರಡು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಮಳೆಗಾಲಕ್ಕೆ ಮೊದಲು ಗಾಡಿಯ ಮಗ್ಗುಲನ್ನು ಒಂದು ಸೇತುವೆಯ ಗೋಡೆಗೆ ಉಜ್ಜಿಸಿದ್ದರು. ಪಾತ್ರಾಂವ ಕೆಟ್ಟವರಲ್ಲ, ಆದರೆ ಬೇರೆ ಡ್ರೈವರನ್ನು ಹುಡುಕುವ ಮನಸ್ಸಿತ್ತು. ಅಪ್ಪನಿಗಿದ್ದದ್ದು ಆ ಗಾಡಿಯೊಂದೇ. ಅದರಿಂದ ಇಳಿದರೆ ಅವರಿಗೆ ಬೆಳಿಗ್ಗೆ ಎದ್ದು ಹೋಗಲು ಜಾಗವೇ ಇರಲಿಲ್ಲ.

ಖಂಡೇಪೂಜೆಯ ಹಿಂದಿನ ಮಧ್ಯಾಹ್ನ ಅಪ್ಪ ಮತ್ತು ಕಾಕಾ ಚೆಂಡುಹೂವು ತರಲು ಪೇಟೆಗೆ ಹೋದರು. ‘ಗಾಡಿ ತೊಳದಿಡು’ ಎಂದು ನನಗೆ ಹೇಳಿದ್ದರು. ತೊಳೆದೆ. ಸ್ಟೇರಿಂಗ್ ಮಾತ್ರ ಬೆವರು, ಎಣ್ಣೆ, ಕೆಂಪು ಧೂಳು ಕುಡಿದು ಕರ್ರಗಾಗಿತ್ತು. ಅಪ್ಪನಿಗಾಗಿ ಏನಾದರೂ ಮಾಡಬೇಕು ಎನ್ನಿಸಿತು. ಅಪ್ಪನ ಜೊತೆ ಮಾತಾಡಲು ಬಾರದ ಮಕ್ಕಳಿಗೆ ಇಂಥ ಹುಮ್ಮಸ್ಸು ಬೇಗ ಬರುತ್ತದೆ. ಆ ವರ್ಷದ ಹೊಸ ಹುರಿ ಸೀಟಿನ ಹಿಂದೆಯೇ ಇತ್ತು. ದಾಡಿಯ ಬ್ಲೇಡಿನಿಂದ ಕೊಯ್ದೆ. ಪದರಪದರವಾಗಿ ಬಿಚ್ಚಿಕೊಂಡಿತು. ಮೇಲೆ ಕಪ್ಪು, ಒಳಗೆ ಹೋದಂತೆ ಹಸಿರು, ನೀಲಿ, ಎಲ್ಲಕ್ಕಿಂತ ಒಳಗೆ ಇನ್ನೂ ಬೆಳ್ಳಗಿದ್ದ ಒಂದು. ಎಲ್ಲವನ್ನೂ ಹೊರಗೆಸೆದು, ಸಂಜೆಯವರೆಗೆ ಕೂತು ಹೊಸದನ್ನು ಸುತ್ತಿದೆ.

ನನಗೆ ಪದ್ಧತಿ ಗೊತ್ತಿರಲಿಲ್ಲ ಎಂದೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಹೋದ ಭಾನುವಾರ ಬೇರೊಂದು ದಿನಚರಿಯಲ್ಲಿ, ಬಿ.ಎ. ಓದುವಾಗಿನ ಬರಹದಲ್ಲಿ, ಈ ಸಾಲು ಸಿಕ್ಕಿತು: ‘ಅಪ್ಪ ಹಳೆಯದನ್ನು ಎಂದೂ ಕೊಯ್ಯುವುದಿಲ್ಲವಂತೆ. ಏಕೆಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.’ ಕಾರಣ ಗೊತ್ತಿರಲಿಲ್ಲ, ಅದು ನಿಜ. ಕೊಯ್ಯಬಾರದು ಎನ್ನುವುದು ಗೊತ್ತಿತ್ತು, ಅದೂ ನಿಜ.

ಅಪ್ಪ ಹೂ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು ಸ್ಟೇರಿಂಗ್ ನೋಡಿದರು, ಕೆಳಗೆ ಬಿದ್ದಿದ್ದ ತುಂಡುಗಳನ್ನೂ ನೋಡಿದರು.

‘ಎಲ್ಲಾ ಕೊಯ್ದ್ಯೇನು?’

‘ಹೂನಪ್ಪಾ. ಭಾಳ ಹೊಲಸಾಗಿತ್ತು.’

‘ಹೊಲಸಾಗಿತ್ತು’ ಎಂದು ನನ್ನ ಮಾತನ್ನೇ ಮೆಲ್ಲಗೆ ಹೇಳಿದರು. ಹೊಸ ಹುರಿಯ ಮೇಲೆ ಕೈಯಾಡಿಸಿದರು. ‘ಚಲೋ ಕಟ್ಟೀದಿ’ ಎಂದರು. ಬೈದಿದ್ದರೆ ನಾನು ಕಾರಣ ಕೇಳುತ್ತಿದ್ದೆ. ಅವರು ಬೈಯಲಿಲ್ಲ, ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿಗಳೆಲ್ಲ ಸಾಲಾಗಿ ನಿಂತವು. ಪಾತ್ರಾಂವ ತೆಂಗಿನಕಾಯಿ ಹಿಡಿದು ಒಂದೊಂದೇ ಗಾಡಿ ನೋಡುತ್ತ ಬಂದರು. ಅಪ್ಪನ ಗಾಡಿಯ ಒಳಗೆ ಇಣುಕಿದರು, ನಿಂತರು. ಹುರಿ ಕೊಯ್ದವರು ಯಾರು ಎಂದು ಕೊಂಕಣಿಯಲ್ಲಿ ಕೇಳಿದರು. ಪಕ್ಕದ ಡ್ರೈವರುಗಳು ಹೂಮಾಲೆ ಕೈಯಲ್ಲೇ ಹಿಡಿದು ಹತ್ತಿರ ಬಂದರು. ಅವರ ಮುಖ ನೋಡಿದ ಮೇಲೆಯೇ ನನಗೆ ನಾನು ಏನೋ ದೊಡ್ಡದನ್ನು ಕೆಡಿಸಿದ್ದೇನೆ ಎಂದು ತಿಳಿದದ್ದು. ‘ನಾನು, ತಿಳಿಯದೆ ಮಾಡಿದೆ’ ಎಂದಿದ್ದರೆ ಎಲ್ಲರೂ ನಕ್ಕು, ನನ್ನ ಎಂ.ಎ.ಯನ್ನು ಒಂದಿಷ್ಟು ಆಡಿಕೊಂಡು, ಪೂಜೆ ಮುಗಿಸುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿದರು. ಎಷ್ಟು ಹೊತ್ತು ನೋಡಿದರೋ, ನನ್ನ ನೆನಪನ್ನು ನಂಬಬೇಡಿ. ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ. ಚಪ್ಪಲಿಯ ಎಡಗಡೆಯ ಪಟ್ಟಿ ಸಡಿಲಾಗಿತ್ತು ಎನ್ನುವುದು ಮಾತ್ರ ಖಚಿತವಾಗಿ ನೆನಪಿದೆ.

‘ನಾನ ಕೊಯ್ದೇನ್ರಿ. ಸಾಕಾತು’ ಎಂದರು ಅಪ್ಪ.

ಪಾತ್ರಾಂವ ಕೀಲಿಯನ್ನು ಮಾಬು ಕಾಕಾನ ಕೈಗೆ ಕೊಟ್ಟರು. ಕಾಕಾ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ತಗೊಂಡರು. ಅಪ್ಪ ತಾವೇ ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಗಾಡಿ ಮುಂದೆ ಹೋದ ಮೇಲೆ ಅವನ್ನು ದಾಟಿಕೊಂಡು ಖೋಲಿಗೆ ನಡೆದರು.

ಆಮೇಲೆ ಗ್ಯಾರೇಜಿನಿಂದ ಮೈನಿಗೆ ಖಾಲಿ ಗಾಡಿ ತಂದು ಬಿಡುವ ಕೆಲಸ ಅವರಿಗೆ ಸಿಕ್ಕಿತು. ಅದೂ ಕರೆದ ದಿನ ಮಾತ್ರ. ಅಂಥವರು ಯಾವ ಸ್ಟೇರಿಂಗಿಗೂ ಹುರಿ ಸುತ್ತುವಂತಿಲ್ಲ, ಗಾಡಿ ಅವರದಲ್ಲವಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನನಗೆ ವಾಸ್ಕೋದಲ್ಲಿ ಕೆಲಸವಾಯಿತು. ಅಪ್ಪ ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಎದುರುಬದುರು ಕೂತು ಊಟ ಮಾಡುತ್ತಿದ್ದೆವು. ‘ಕಲಸೂದು ಹೆಂಗೈತಿ?’ ‘ಚಲೋ ಐತ್ರಿ.’ ಹಾಗೆ ಐದು ವರ್ಷ. ಪ್ರತಿ ಸಲ ಅವರನ್ನು ಬಸ್ಸು ಹತ್ತಿಸಿ ಬಂದು, ಮುಂದಿನ ಸಲ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಆರನೇ ವರ್ಷ ಅವರಿರಲಿಲ್ಲ.

ಮೊದಲ ಸುತ್ತಿಗೇ ನಿಂತ ಹುರಿಯನ್ನು ಹಾಗೇ ಬಿಟ್ಟು, ಅದೇ ಭಾನುವಾರ ಮಧ್ಯಾಹ್ನ ನಾನು ಡಿಚೋಲಿಗೆ ಹೋದೆ. ಮಾಬು ಕಾಕಾ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗೇ ಇದೆ.

‘ಬರ್ರಿ ಮಾಸ್ತರ. ಯಾರ ಸತ್ರು, ನೀವು ಬಂದ್ರಿ?’

ನಾನು ಪೀಠಿಕೆ ಹಾಕಲು ಹೋಗಲಿಲ್ಲ. ‘ಕಾಕಾ, ಅವತ್ತ ಹುರಿ ಕೊಯ್ದಾಂವ ನಾನು.’

ಕಾಕಾ ಕೈ ಬೀಸಿದರು. ‘ಅದೇನ ಹೊಸಾ ಸುದ್ದಿ? ನಿಮ್ಮಪ್ಪ ಗಂಟು ಒಳಮಗ್ಗಲ ಹಾಕತಿದ್ದ. ನೀ ಹೊರಮಗ್ಗಲ ಹಾಕಿ ಇಟ್ಟಿದ್ದಿ. ಹತ್ತಿದ ಕೂಡ್ಲೆ ಗೊತ್ತಾತು. ಒಂದ ವಾರದಾಗ ನನ್ನ ಅಂಗೈ ಸುಲದ ಹೋತಲೇ.’

‘ಗೊತ್ತಿದ್ದೂ ಗಾಡಿ ತಗೊಂಡ್ರಿ?’

‘ತಗೊಂಡ್ನಿ. ನನಗೂ ಒಂದ ಗಾಡಿ ಬೇಕಾಗಿತ್ತಪಾ.’ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ‘ಸುಳ್ಳ ಹೇಳೂದಿಲ್ಲ. ಮರುದಿನ ಕೀಲಿ ತಿರುಗಿ ಕೊಡಾಕ ಹೋಗಿದ್ನಿ. “ಹುಡುಗ ತಿಳೀದ ಮಾಡ್ಯಾನ, ನಡಿ ಸಂಗಪ್ಪ, ಪಾತ್ರಾಂವಗ ನಾ ಹೇಳತೇನಿ” ಅಂದ್ನಿ. ಅವ ಬ್ಯಾಡ ಅಂದ. ಯಾಕ ಅಂತ ಕೇಳಿದ್ನಿ. ಅದಕ್ಕ ನಿಮ್ಮಪ್ಪ, “ನಾ ಹುಡುಗನ ಮಾರಿ ನೋಡಿದ್ನಿ ಮಾಬು, ಅವ ತಲಿ ಬಗ್ಗಿಸಿದ. ನಾ ಇಳಿಯೂದು ಅವಂಗ ಬೇಕಾಗೇತಿ, ಬಾಯಿ ಬಿಟ್ಟ ಹೇಳಾಕ ಆಗವಲ್ದು” ಅಂದ.’

ಕಾಕಾ ನನ್ನ ಕಡೆ ವಾಲಿದರು. ‘ಖರೇ ಏನಲೇ?’

ನೆನಪನ್ನು ನಂಬಬಾರದು, ಆಗಿನ ಮನಸ್ಸು ಈಗ ಹೇಗೆ ತಿಳಿಯುತ್ತದೆ ಎಂದೆಲ್ಲ ಹೇಳುವ ಮಾತುಗಳು ನನ್ನ ಬಳಿ ಸಾಕಷ್ಟಿದ್ದವು. ಅಪ್ಪನ ಕಣ್ಣಿನ ಬಗ್ಗೆ ನನಗಿದ್ದ ಹೆದರಿಕೆಯನ್ನೂ ಹೇಳಬಹುದಿತ್ತು, ಅದು ಸುಳ್ಳಲ್ಲ. ಹಾಸ್ಟೆಲಿನಲ್ಲಿ ‘ಮೈನಿಂಗ್ ಕಂಪನಿ’ ಎನ್ನುತ್ತಿದ್ದ ಹುಡುಗನ ಬಗ್ಗೆಯೂ ಹೇಳಬಹುದಿತ್ತು.

‘ಖರೇ, ಕಾಕಾ’ ಎಂದೆ.

ಅವರು ಸಮಾಧಾನ ಹೇಳಲಿಲ್ಲ. ‘ನೀ ಹೇಳಿದ್ರೂ ಇಳೀತಿದ್ದ ಅವ. ಬೈಕೋಂತ ಇಳೀತಿದ್ದ, ಮಾತಾಡ್ಕೋಂತ ಇಳೀತಿದ್ದ. ಅಷ್ಟ ಫರಕ್.’

ಒಳಗಿನಿಂದ ಅವರ ಮಗಳು ಚಹಾ ತಂದಿಟ್ಟು ಹೋದಳು. ಕುಡಿದಾಯಿತು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು.

‘ವಾಸ್ಕೋ ದೂರ ಐತಿ. ಹೊಂಟ್ಯೇನು?’ ಎಂದರು ಕಾಕಾ.

‘ಇಲ್ಲ ಕಾಕಾ’ ಎಂದೆ. ‘ಅಪ್ಪ ಗಾಡ್ಯಾಗ ಕುಂತಾಗ ಏನೇನ ಮಾತಾಡತಿದ್ದ, ಹೇಳ್ರಿ. ಕುಂಡ್ರತೇನಿ.’