ಕ್ರಾಸ್ತಾರ ಹಿಮಪಾತ

ಆನ್ಸೆಲ್ಮ್ ಕ್ರಾಸ್ತಾರಿಗೆ ಚಳಿಯಾಗುವುದಿಲ್ಲ ಎಂಬುದು ದೋಹಾದ ಬಿನ್ ಮಹಮೂದ್ ಬಡಾವಣೆಯ ಮೂರು ಗಲ್ಲಿಗಳಿಗೂ ಗೊತ್ತಿತ್ತು. ಗೊತ್ತಾಗದೆ ಇರಲು ಅವರು ಬಿಟ್ಟರೆ ತಾನೇ? ಜನವರಿಯಲ್ಲಿ ಉತ್ತರದ ಗಾಳಿ ಎದ್ದು ಉಷ್ಣಾಂಶ ಹದಿಮೂರಕ್ಕೆ ಇಳಿದದ್ದೇ ತಡ, ದೋಹಾದಲ್ಲಿರುವ ನಮ್ಮ ಕರಾವಳಿಯವರು ಪೆಟ್ಟಿಗೆಯ ಅಡಿಯಿಂದ ಸ್ವೆಟರು, ಮಫ್ಲರು, ಮಂಗನ ಟೋಪಿ ಎಲ್ಲವನ್ನೂ ಎಳೆದು ತೊಟ್ಟುಕೊಂಡು ಎವರೆಸ್ಟ್ ಹತ್ತಲು ಹೊರಟವರ ಹಾಗೆ ಕರಕ್ ಚಹಾ ಕುಡಿಯಲು ಹೋಗುತ್ತಾರೆ. ಕ್ರಾಸ್ತಾರು ಅದೇ ದಿನ ನೋಡಿ ಅರೆತೋಳಿನ ಅಂಗಿ ತೊಟ್ಟು, ಇಬ್ರಾಹಿಂ ಬ್ಯಾರಿಯ ಅಂಗಡಿಯ ಮುಂದೆ ಗಾಳಿ ನೇರವಾಗಿ ಬೀಸುವ ಜಾಗದಲ್ಲಿಯೇ ನಿಲ್ಲುತ್ತಿದ್ದರು.

"ಇದೆಂತ ಚಳಿ ಮಾರಾಯ್ರೆ! ನ್ಯೂಯಾರ್ಕಿನಲ್ಲಿ ನಾನು..." ಎಂದು ಶುರುಮಾಡಿದರೆ ಇಬ್ರಾಹಿಂ ತೂಕದ ಯಂತ್ರದ ಕಡೆ ತಿರುಗಿಕೊಳ್ಳುತ್ತಿದ್ದ.

ವಿಷಯ ಇಷ್ಟೇ. ಶಿರ್ವದ ಕ್ರಾಸ್ತಾರು ಕತಾರಿಗೆ ಬಂದು ಇಪ್ಪತ್ತನಾಲ್ಕು ವರ್ಷ. ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಇನ್ನೊಬ್ಬರು ಬರೆದ ನಕಾಶೆಗೆ ನಂಬರು ಹಾಕುವುದು, ಠಸ್ಸೆ ಹೊಡೆಯುವುದು, ಫೈಲಿಗೆ ಸೇರಿಸುವುದು. ಹೆಂಡತಿ ಜರ್ಟ್ರೂಡ್ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್, ಮಗಳು ಜೋಆನ್ ಹನ್ನೊಂದನೆಯ ತರಗತಿ. ಇಪ್ಪತ್ತನಾಲ್ಕು ವರ್ಷದಲ್ಲಿ ಹೇಳಿಕೊಳ್ಳುವಂಥದ್ದು ಅವರಿಗೆ ಒಂದೇ ಒಂದು ನಡೆದಿತ್ತು. ೨೦೧೬ರ ಜನವರಿಯಲ್ಲಿ ಕಂಪನಿ ಹೊಸ ಸಾಫ್ಟ್‌ವೇರ್ ಕಲಿಯಲೆಂದು ಅವರನ್ನು ಹತ್ತು ದಿನ ನ್ಯೂಯಾರ್ಕಿಗೆ ಕಳಿಸಿತು. ಅವರು ಇಳಿದ ಎರಡನೆಯ ದಿನವೇ ಆ ಊರಿನ ಇತಿಹಾಸದಲ್ಲೇ ದೊಡ್ಡದೆಂದು ದಾಖಲಾದ ಹಿಮಪಾತ ಬಂತು. ಎರಡು ಅಡಿಗೂ ಮಿಕ್ಕಿದ ಹಿಮ. ವಿಮಾನ ಇಲ್ಲ, ಬಸ್ಸಿಲ್ಲ, ರಸ್ತೆಯಲ್ಲಿ ಕಾರು ಇಳಿಸಬಾರದು ಎಂದು ಆಜ್ಞೆ.

ನ್ಯೂಯಾರ್ಕಿನಲ್ಲಿ ಆ ಹಿಮ ಕೆಲವು ವಾರಗಳಲ್ಲಿ ಕರಗಿ ಚರಂಡಿಗೆ ಹೋಯಿತು. ಬಿನ್ ಮಹಮೂದಿನಲ್ಲಿ ಮಾತ್ರ ವರ್ಷ ವರ್ಷ ಏರುತ್ತ ಹೋಯಿತು. ಮೊದಲ ಚಳಿಗಾಲದಲ್ಲಿ ಅದು ಮೊಣಕಾಲಿನವರೆಗೆ ಇತ್ತು. ೨೦೧೮ಕ್ಕೆ ಸೊಂಟಕ್ಕೆ ಬಂತು. ೨೦೧೯ರಲ್ಲಿ ಹಿಮದಲ್ಲಿ ಹೂತುಹೋಗಿದ್ದ ಒಬ್ಬಳು ಮುದುಕಿ ಕತೆಯೊಳಗೆ ಬಂದಳು, ಕ್ರಾಸ್ತಾರು ಅವಳನ್ನು ರಟ್ಟೆ ಹಿಡಿದು ಎಳೆದು ತೆಗೆದರು. ಕೊರೋನಾ ಕಾಲದಲ್ಲಿ ಮನೆಯೊಳಗೆ ಕೂತು ಕೂತು ಹಿಮ ಎದೆಮಟ್ಟಕ್ಕೆ ಏರಿತು, ಮುದುಕಿಗೆ ಒಂದು ನಾಯಿಯೂ ಹುಟ್ಟಿಕೊಂಡಿತು. ನಾಯಿಯ ಹೆಸರು ಒಂದು ವರ್ಷ ಚಾರ್ಲಿ, ಮರುವರ್ಷ ರೆಕ್ಸ್.

"ಪಪ್ಪಾ, ಲಾಸ್ಟ್ ಇಯರ್ ಚಾರ್ಲಿ ಹೇಳಿದ್ರಲ್ಲ?" ಎಂದು ಜೋಆನ್ ಕೇಳಿದರೆ, "ಅದು ಬೇರೆ ನಾಯಿ" ಎನ್ನುತ್ತಿದ್ದರು. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದ ಜರ್ಟ್ರೂಡಳಿಗೆ ಮುದುಕಿಯನ್ನು ಉಳಿಸಲೂ ಶಕ್ತಿಯಿರಲಿಲ್ಲ, ಕೊಲ್ಲಲೂ ಇರಲಿಲ್ಲ.

ಸುಳ್ಳನ್ನು ಜನ ಸಹಿಸುತ್ತಾರೆ. ತೊಂದರೆ ಬರುವುದು ಅದಕ್ಕೆ ಹುದ್ದೆ ಕೊಟ್ಟಾಗ. ಕಳೆದ ಚಳಿಗಾಲ ನಮ್ಮವರ ಕರಾವಳಿ ಬಳಗ ಊರಾಚೆ ಕಡಲತೀರದ ಸೀಲೈನ್ ಕಡೆಯ ಮರಳಿನಲ್ಲಿ ಒಂದು ದಿನದ ಚಳಿಗಾಲದ ಶಿಬಿರ ಇಡುವುದೆಂದು ತೀರ್ಮಾನಿಸಿತು. ಕಾರ್ಯದರ್ಶಿ ನೌಶಾದ್ ಸಭೆಯಲ್ಲಿ, "ಚಳಿಯ ವಿಷಯದಲ್ಲಿ ನಮ್ಮಲ್ಲಿ ಅನುಭವ ಇದ್ದವರು ಒಬ್ರೇ. ಕ್ರಾಸ್ತಾರೇ ಸಂಚಾಲಕರು ಆಗಲಿ" ಎಂದ. ತಮಾಷೆಗೆ ಹೇಳಿದನೋ, ಕೆಲಸ ಯಾರ ತಲೆಗಾದರೂ ಕಟ್ಟಬೇಕಲ್ಲ ಎಂದು ಹೇಳಿದನೋ, ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ರಾಸ್ತಾರು ಎದ್ದು ನಿಂತು ಕೈಮುಗಿದರು. ಮರುದಿನದಿಂದ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ಮೂರರಂತೆ ಸೂಚನೆಗಳು: ಹಿಮಗಾಳಿಯಲ್ಲಿ ಉಸಿರಾಡುವ ಕ್ರಮ, ಬೆರಳು ಮರಗಟ್ಟಿದರೆ ಏನು ಮಾಡಬೇಕು. ಕತಾರಿನಲ್ಲಿ ಬೆರಳು ಮರಗಟ್ಟಬೇಕಾದರೆ ಫ್ರೀಜರಿನೊಳಗೆ ಕೈಯಿಟ್ಟು ಕೂರಬೇಕು ಎಂದು ಇಬ್ರಾಹಿಂ ಬರೆದ. ಆ ಸಾಲನ್ನು ಅಡ್ಮಿನ್ ಅಳಿಸಿದರು. ಅಡ್ಮಿನ್ ಕೂಡ ಕ್ರಾಸ್ತಾರೇ.

ಶುಕ್ರವಾರ ಚರ್ಚಿನ ಪೂಜೆಯೂ ಜುಮಾ ನಮಾಜೂ ಮುಗಿದ ಮೇಲೆ ಹದಿನೆಂಟು ಕಾರು ಹೊರಟವು. ಸಂಜೆ ಗುಡುಗು, ಬಿರುಗಾಳಿ, ಆಲಿಕಲ್ಲು ಬರಬಹುದು ಎಂದು ಹವಾಮಾನ ಇಲಾಖೆಯ ಎಚ್ಚರಿಕೆ ಬೆಳಿಗ್ಗೆಯೇ ಎಲ್ಲರ ಮೊಬೈಲಿಗೆ ಬಂದಿತ್ತು. ಇಬ್ರಾಹಿಮನ ಹೆಂಡತಿ ಮಾಜಿದಾ ಕೇಳಿದಳು, "ಕ್ರಾಸ್ತಾ ಅಂಕಲ್, ಇವತ್ತು ಹೋಗ್ಬೇಕಾ? ಮಕ್ಕಳು ಉಂಟಲ್ಲ?"

"ಎಂತ ಹೆದರುವುದು ನೀನು! ಎರಡು ಹನಿ ಬಿದ್ರೆ ಇವರು ಎಚ್ಚರಿಕೆ ಕೊಡ್ತಾರೆ. ನಾನಿದ್ದೇನಲ್ಲ? ಯಲ್ಲಾ, ಹೊರಡುವ."

ಶಿಬಿರದ ಜಾಗದಲ್ಲಿ ಒಂದು ದೊಡ್ಡ ಗುಡಾರ, ಅದರ ಹಿಂದೆ ಅಡುಗೆಗೆಂದು ಇಟ್ಟ ಕಬ್ಬಿಣದ ಕಂಟೇನರ್, ಸುತ್ತ ಮರಳು, ಆಚೆ ಸಮುದ್ರ. ನೋಡಿಕೊಳ್ಳಲು ನರ್ಜಿತ್ ಬುಢಾ ಎಂಬ ನೇಪಾಳದವನಿದ್ದ. ಮೂವತ್ತೈದು ವರ್ಷವಿರಬಹುದು, ಗಿಡ್ಡ ಆಳು, ಕೇಳಿದಷ್ಟಕ್ಕೆ ಮಾತ್ರ ಉತ್ತರ. ಗುಡಾರದ ಉತ್ತರದ ಬದಿಯ ಬಟ್ಟೆಯನ್ನು ಬಿಗಿಯಾಗಿ ಎಳೆದು, ಗೂಟಕ್ಕೆ ಎರಡು ಸುತ್ತು ಹಗ್ಗ ಕಟ್ಟಿ ಮುಚ್ಚಿದ್ದ. ಕ್ರಾಸ್ತಾರು ಬಂದವರೇ, "ಇದನ್ನು ಬಿಚ್ಚು. ಸಮುದ್ರ ಕಾಣ್ಬೇಕು. ಬ್ಯಾನರ್ ಅಲ್ಲೇ ಕಟ್ಟುವುದು, ಫೋಟೋಕ್ಕೆ" ಎಂದು ಹಿಂದಿಯಲ್ಲಿ ಅಪ್ಪಣೆ ಕೊಟ್ಟರು.

"ಗಾಳಿ ಆ ಕಡೆಯಿಂದಲೇ ಬರುವುದು ಸಾಬ್" ಎಂದ ನರ್ಜಿತ್.

"ಚಳಿಗಾಳಿಯ ವಿಷಯ ನನಗೆ ಹೇಳಿಕೊಡ್ತೀಯಾ?"

ನರ್ಜಿತ್ ಬಿಚ್ಚಿದ. ಸಾಬ್ ಎಂದು ಕರೆಸಿಕೊಳ್ಳುವವರು ಬಿಚ್ಚು ಎಂದರೆ ಬಿಚ್ಚುವುದಕ್ಕೇ ಅವನಿಗೆ ಸಂಬಳ.

ಬಿರಿಯಾನಿ ಮುಗಿಯಿತು. ನಾಲ್ಕು ಗಂಟೆಗೆ ಕ್ರಾಸ್ತಾರು ಮೈಕು ಹಿಡಿದು 'ಹಿಮ ಮತ್ತು ನಾನು' ಶುರುಮಾಡಿದರು. ಆ ವರ್ಷ ಹಿಮ ಕುತ್ತಿಗೆಗೆ ಬಂದಿತ್ತು. ಉಂಡು ಕೂತ ಜನ ಆಕಳಿಸುತ್ತ ಕೇಳಿದರು. ಹಿಮ ಬೀಳುವ ಘಟ್ಟಕ್ಕೆ ಬಂದಾಗ ಅವರ ಗಂಟಲು ಏರಿತು. "ಹೋಟೆಲಿನ ಮಾಡಿನ ಮೇಲೆ ಧಡಧಡ, ಧಡಧಡ ಅಂತ ಬೀಳ್ತಾ ಉಂಟು! ಇಡೀ ರಾತ್ರಿ ಆ ಶಬ್ದಕ್ಕೆ ಯಾರಿಗೂ ನಿದ್ರೆ ಇಲ್ಲ!"

ಜೋಆನ್ ಚಹಾ ತಂದ ನರ್ಜಿತನ ಹತ್ತಿರ, "ನಿಮ್ಮ ಊರಲ್ಲೂ ಸ್ನೋ ಇದೆಯಾ ಭಯ್ಯಾ?" ಎಂದು ಹಿಂದಿಯಲ್ಲಿ ಕೇಳಿದಳು. ಹುಮ್ಲಾ ನನ್ನ ಊರು, ಅಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ ಎಂದ ಅವನು.

ಕ್ರಾಸ್ತಾರಿಗೆ ಇದು ಒಳ್ಳೆಯ ಅವಕಾಶವೆನಿಸಿತು. ಮೈಕನ್ನು ಅವನ ಬಾಯಿಗೆ ಹಿಡಿದರು. "ಹೇಳು ನರ್ಜಿತ್, ಹಿಮ ಬೀಳುವಾಗ ಎಂಥ ಶಬ್ದ ಬರ್ತದೆ ಅಂತ ಇವರಿಗೆ ಹೇಳು."

ನರ್ಜಿತ್ ಚಹಾದ ತಟ್ಟೆಯನ್ನು ಎದೆಗೆ ಹಿಡಿದುಕೊಂಡ. ಸಾಬ್‌ಗೆ ಸಿಟ್ಟು ಬರುವುದೋ ಎಂದು ಯೋಚಿಸುತ್ತಿದ್ದಿರಬೇಕು. ಆಮೇಲೆ ಹೇಳಿದ: "ಶಬ್ದ ಬರುವುದಿಲ್ಲ ಸಾಬ್. ಹಿಮ ಬೀಳುವಾಗ ಇದ್ದ ಶಬ್ದವೂ ನಿಂತುಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯಲು ಆಗದಿದ್ದಾಗಲೇ ಗೊತ್ತಾಗುವುದು."

ಮೈಕಿನಲ್ಲಿ ಹೇಳಿದ್ದರಿಂದ ಮಲಗಿದ್ದವರಿಗೂ ಕೇಳಿಸಿತು. ಇಬ್ರಾಹಿಂ ಹೊಟ್ಟೆ ಹಿಡಿದುಕೊಂಡು ನಕ್ಕ, ಊರಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆಯೇ ಕರೆದ. "ಪೊರ್ಬುಗಳೇ, ನಿಮ್ಮ ಮಾಡಿನ ಮೇಲೆ ಬಿದ್ದದ್ದು ತೆಂಗಿನಕಾಯಿ ಇರ್ಬೇಕು!"

ಕ್ರಾಸ್ತಾರ ಕಿವಿ ಕೆಂಪಾಯಿತು. "ಅಲ್ಲ, ಅದು ಅಮೆರಿಕದ ಹಿಮ..." ಎಂದು ಅವರು ಬಾಯಿ ತೆರೆದಾಗಲೇ ಬೆಳಕು ಮಂದವಾಯಿತು. ಸಮುದ್ರದ ಮೇಲಿನಿಂದ ಮಸಿ ಬಣ್ಣದ ಮೋಡ ಓಡಿಬಂತು. ಮೊದಲು ಮರಳು, ಅದರ ಹಿಂದೆ ಗಾಳಿ, ಗಾಳಿಯ ಹಿಂದೆ ಆಲಿಕಲ್ಲು. ತೆರೆದಿಟ್ಟ ಉತ್ತರದ ಬದಿಯಿಂದ ಗಾಳಿ ಒಳನುಗ್ಗಿ ಗುಡಾರವನ್ನು ಬಲೂನಿನ ಹಾಗೆ ಉಬ್ಬಿಸಿತು. ಗೂಟಗಳು ಒಂದೊಂದಾಗಿ ಕಿತ್ತುಬಂದವು. ಬ್ಯಾನರು ಹರಿದು, ಸಂಚಾಲಕರ ಭಾವಚಿತ್ರದೊಂದಿಗೆ ಸೌದಿಯ ಕಡೆ ಹಾರಿತು.

ನರ್ಜಿತ್ ಕೂಗಲಿಲ್ಲ. ಎರಡು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಕಂಟೇನರಿನ ಬಾಗಿಲಿಗೆ ಓಡಿದ, ಬಿಟ್ಟು ಬಂದ, ಮತ್ತೆರಡನ್ನು ಒಯ್ದ. ಮಾಜಿದಾ ಅವನ ಹಿಂದೆಯೇ ಮಕ್ಕಳನ್ನು ಸಾಲಾಗಿ ದೂಡಿದಳು. ಜೋಆನ್ ಪಾತ್ರೆಯೊಂದನ್ನು ತಲೆಗೆ ಕವುಚಿಕೊಂಡು ಓಡಿದಳು. ಕೊನೆಗೆ ಗುಡಾರದ ನಡುಗಂಬ ಬೀಳದ ಹಾಗೆ ನರ್ಜಿತ್ ಅದಕ್ಕೆ ಮೈಯೊಡ್ಡಿ ನಿಂತ, ಕಟ್ಟಕಡೆಯ ಮುದುಕ ಹೊರಬೀಳುವ ತನಕ.

ಮತ್ತೆ ಸಂಚಾಲಕರು? ಅವರು ಎಲ್ಲರಿಗಿಂತ ಮೊದಲು ತಮ್ಮ ಕಾರಿನೊಳಗೆ ಸೇರಿದ್ದರು. ಹೇಗೆ ಓಡಿದರೆಂದು ಅವರಿಗೇ ತಿಳಿಯದು. ಒಳಗೆ ಕೂತು ಬಾಗಿಲೆಳೆದುಕೊಂಡಾಗ ಕೈ ಎಲ್ಲಿಗೋ ತಾಗಿ ನಾಲ್ಕೂ ಬಾಗಿಲು ಲಾಕ್ ಆಯಿತು. ಮಾಡಿನ ಮೇಲೆ ಆಲಿಕಲ್ಲು ಬಡಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಗಾಜಿನ ಆಚೆ ಒಂದು ಮುಖ ಕಂಡಿತು. ಜರ್ಟ್ರೂಡ್! ತಲೆಯ ಮೇಲೆ ಬ್ಯಾಗ್ ಹಿಡಿದುಕೊಂಡು ಗಾಜಿಗೆ ಗುದ್ದುತ್ತಿದ್ದಳು. ಕ್ರಾಸ್ತಾರು ಗುಂಡಿ ಒತ್ತಿದರು, ವೈಪರ್ ಶುರುವಾಯಿತು. ಇನ್ನೊಂದು ಒತ್ತಿದರು, ಹಾರ್ನ್ ಹೊಡೆಯಿತು. ಮೂರನೆಯದಕ್ಕೆ ಸೀಟಿನ ಬೆನ್ನು ಹಿಂದಕ್ಕೆ ಬಾಗಿ ಅವರು ಅಂಗಾತ ಬಿದ್ದರು. ಎದ್ದು ನೋಡುವಾಗ ಮುಖ ಅಲ್ಲಿರಲಿಲ್ಲ. ಅವಳು ಕಾಯುವುದನ್ನು ಬಿಟ್ಟು ಕಂಟೇನರಿಗೆ ನಡೆದಿದ್ದಳು.

ಆಲಿಕಲ್ಲು ಸುರಿದದ್ದು ಹತ್ತು ನಿಮಿಷವೂ ಇಲ್ಲ. ನಿಂತಾಗ ಮರಳೆಲ್ಲ ಬೆಳ್ಳಗಿತ್ತು. ಮಕ್ಕಳು ಕಿರುಚುತ್ತ ಹೊರಬಂದು ಅದನ್ನು ಉಂಡೆಕಟ್ಟಿ ಎಸೆದರು. ನೌಶಾದ್ ಮೊಬೈಲು ಎತ್ತಿ ಹಿಡಿದು, "ಕತಾರಿನಲ್ಲಿ ಹಿಮಪಾತ! ನೋಡಿ, ನೋಡಿ!" ಎಂದು ವಿಡಿಯೋ ಮಾಡುತ್ತಿದ್ದ.

ಕ್ರಾಸ್ತಾರು ಕಾರಿನಿಂದ ಇಳಿದು ಬಂದರು. ಜರ್ಟ್ರೂಡ್ ಕಂಟೇನರಿನ ಮೆಟ್ಟಿಲಲ್ಲಿ ಕೂತು ಇಬ್ಬರು ಮಕ್ಕಳ ತಲೆ ಪರೀಕ್ಷಿಸುತ್ತಿದ್ದಳು. ಅವಳ ಹಣೆಯಲ್ಲೇ ಲಿಂಬೆಯಷ್ಟು ದಪ್ಪದ ಬುಗುಟೆ ಎದ್ದಿತ್ತು. ತಲೆಯೆತ್ತದೆ ಕೇಳಿದಳು:

"ನ್ಯೂಯಾರ್ಕಿನ ಮುದುಕಿಯನ್ನು ಎಳೆದು ತೆಗೆದ ಕೈಗೆ ಕಾರಿನ ಬಾಗಿಲು ತೆಗೀಲಿಕ್ಕೆ ಬರ್ಲಿಲ್ವಾ?"

ಮನೆಯಲ್ಲಾದರೆ ಕೊಂಕಣಿಯಲ್ಲಿ ಹೇಳುತ್ತಿದ್ದಳು. ಎಲ್ಲರಿಗೂ ಅರ್ಥವಾಗಲಿ ಎಂದೇ ಕನ್ನಡದಲ್ಲಿ ಹೇಳಿದಳು. ಯಾರೂ ನಗಲಿಲ್ಲ, ಇಬ್ರಾಹಿಂ ಕೂಡ.

ಕ್ರಾಸ್ತಾರು ಒದ್ದೆ ಮರಳಿನ ಮೇಲೆಯೇ ಕೂತುಬಿಟ್ಟರು. "ಮುದುಕಿ ಇರ್ಲಿಲ್ಲ ಜರ್ಟ್ರೂಡ್" ಎಂದರು. ಅಂಗೈಯ ಮರಳು ಕೊಡವಿಕೊಂಡು, "ನಾಯಿಯೂ ಇರ್ಲಿಲ್ಲ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ನ್ಯೂಯಾರ್ಕಿನಲ್ಲಿ ಇಳಿದ ದಿನವೇ ಅವರಿಗೆ ಜ್ವರ. ಹೋಟೆಲಿನ ಕೋಣೆಗೆ ಒಂದು ಕಿಟಕಿ, ಕಿಟಕಿಯ ಎದುರು ಒಂದು ಗೋಡೆ. ಹಿಮ ಬಿದ್ದಷ್ಟು ಹೊತ್ತು ಕಂಬಳಿ ಹೊದ್ದು, ಮಾತ್ರೆ ನುಂಗುತ್ತ ಟಿವಿಯಲ್ಲಿ ನೋಡಿದರು. ಹಿಮ ನಿಂತ ಮೂರನೆಯ ದಿನ ಹೊರಗೆ ಬಂದಾಗ ರಸ್ತೆಬದಿಯಲ್ಲಿ ರಾಶಿ ಹಾಕಿದ್ದ ಹಿಮ ಕಾರಿನ ಹೊಗೆಗೆ ಕಪ್ಪಾಗಿತ್ತು. ಬೆರಳಿನಿಂದ ಮುಟ್ಟಿದರು. ಗಲೀಜೆನಿಸಿ ಪ್ಯಾಂಟಿಗೆ ಒರೆಸಿಕೊಂಡರು. ಅಷ್ಟೇ, ಖಲಾಸ್.

"ಊರಿಗೆ ಬಂದು ಎಂತ ಹೇಳುವುದು? ಅಷ್ಟು ದೊಡ್ಡ ಸಂಗತಿ ಬಂದು ನನ್ನ ಪಕ್ಕದಿಂದಲೇ ಹೋಯ್ತು, ನನಗೆ ಜ್ವರ ಅಂತ ಹೇಳುವುದಾ?"

ಜರ್ಟ್ರೂಡ್ ಗಂಡನನ್ನು ನೋಡಿದಳು. ಕಿಸೆಯಿಂದ ಕರ್ಚೀಫು ತೆಗೆದು, ಅದರಲ್ಲಿ ಆಲಿಕಲ್ಲು ಕಟ್ಟಿ, ತನ್ನ ಹಣೆಗೆ ಒತ್ತಿ ಹಿಡಿಯಲು ಅವರ ಕೈಗೇ ಕೊಟ್ಟಳು. ಅವರು ದಾರಿಯುದ್ದಕ್ಕೂ ಒತ್ತಿ ಹಿಡಿದರು. ಕಾರು ಅವಳೇ ಓಡಿಸಿದಳು.

ಇಲ್ಲಿಗೆ ಮುಗಿದಿದ್ದರೆ ನಾವೆಲ್ಲ ಒಳ್ಳೆಯ ಜನ ಎನ್ನಬಹುದಿತ್ತು. ಎರಡು ವಾರದ ನಂತರ ಬಳಗದ ಸಭೆ ಸೇರಿತು. ನೌಶಾದ್ ವರದಿ ಓದಿದ: "ಭೀಕರ ಹಿಮಪಾತದ ನಡುವೆಯೂ ಪದಾಧಿಕಾರಿಗಳ ಸಮಯಪ್ರಜ್ಞೆಯಿಂದ..." ಅಷ್ಟರಲ್ಲಾಗಲೇ ಆಲಿಕಲ್ಲು ಕೋಳಿಮೊಟ್ಟೆಯ ಗಾತ್ರಕ್ಕೆ ಬಂದಿತ್ತು. ಒಬ್ಬರು ಮಗುವನ್ನು ಹಿಮದೊಳಗಿನಿಂದ ಅಗೆದು ತೆಗೆದಿದ್ದರು, ಇನ್ನೊಬ್ಬರು ಗುಡಾರವನ್ನು ಒಂದೇ ಕೈಯಲ್ಲಿ ಹಿಡಿದು ನಿಂತಿದ್ದರು.

ಕ್ರಾಸ್ತಾರು ಎದ್ದರು. "ಕಡಲೆಕಾಳಿನಷ್ಟು ಇದ್ದದ್ದು ಅದು, ದೊಡ್ಡದೆಂದರೆ ನೆಲ್ಲಿಕಾಯಿ. ಹಿಮ ಅಲ್ಲ, ಆಲಿಕಲ್ಲು. ಗುಡಾರ ಬಿದ್ದದ್ದು ನಾನು ಉತ್ತರದ ಬದಿಯ ಬಟ್ಟೆ ಬಿಚ್ಚಿಸಿದ್ದಕ್ಕೆ. ಕಂಬ ಹಿಡಿದದ್ದು ನರ್ಜಿತ್. ಅವನ ಹೆಸರು ಬರ್ಕೊಳ್ಳಿ."

ನೌಶಾದ್ ಕನ್ನಡಕದ ಮೇಲಿನಿಂದ ನೋಡಿದ. "ಕ್ರಾಸ್ತಾರೇ, ಬೇಜಾರು ಮಾಡ್ಬೇಡಿ. ನೀವು ಸುಳ್ಳು ಹೇಳುವವರು ಅಂತ ನೀವೇ ಒಪ್ಪಿಕೊಂಡಿದ್ದೀರಿ. ನಿಮ್ಮ ಮಾತು ಹೇಗೆ ವರದಿಗೆ ಹಾಕುವುದು?"

ಮತಕ್ಕೆ ಹಾಕಿದರು. ಹಿಮಪಾತ ಬಹುಮತದಿಂದ ಗೆದ್ದಿತು. ನೌಶಾದನಿಗೆ ಶಾಲು ಹೊದೆಸಿದರು. ನರ್ಜಿತನ ಬಗ್ಗೆ 'ಸಹಕರಿಸಿದ ಶಿಬಿರದ ಸಿಬ್ಬಂದಿ' ಎಂಬ ಮೂರು ಪದ ಸೇರಿತು, ಅದೂ ಇಬ್ರಾಹಿಂ ಬೆಂಚು ಗುದ್ದಿದ ಮೇಲೆ.

ಮಾರ್ಚಿನ ಒಂದು ಶುಕ್ರವಾರ ಗಂಡ ಹೆಂಡಿರು ಇಬ್ಬರೇ ಸೀಲೈನಿಗೆ ಹೋದರು. ಜರ್ಟ್ರೂಡ್ ಕೋಳಿ ಸುಕ್ಕಾ ಮಾಡಿಕೊಂಡಿದ್ದಳು. ನರ್ಜಿತ್ ಹೊಸ ಗುಡಾರದ ಹಗ್ಗ ಸುತ್ತಿಡುತ್ತಿದ್ದ. ಕ್ರಾಸ್ತಾರು ಮರಳಿನ ಮೇಲೆ ಕೂತು, "ನಿಮ್ಮ ಊರಿನ ಹಿಮದ ಬಗ್ಗೆ ಹೇಳು" ಎಂದರು.

"ಹೇಳುವುದೇನು ಸಾಬ್? ಸೌದೆ ಒಟ್ಟಬೇಕು. ಕುರಿಗಳನ್ನು ಒಳಗೆ ಕಟ್ಟಬೇಕು. ಮಾಡಿನ ಮೇಲಿನದನ್ನು ದಿನಾ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮನೆ ಕುಸಿಯುತ್ತದೆ. ಯಾರಿಗಾದರೂ ಕಾಯಿಲೆಯಾದರೆ ದಾರಿ ಇಲ್ಲ. ನನ್ನ ಅಪ್ಪನಿಗೆ ಹಾಗೇ ಆಯಿತು. ಅದಕ್ಕೇ ನಾನು ಬಿಸಿಲಿನ ದೇಶಕ್ಕೆ ಬಂದದ್ದು."

ಕ್ರಾಸ್ತಾರ ಬಾಯಿಗೆ ನ್ಯೂಯಾರ್ಕ್ ಬಂದಿತ್ತು. ಹಲ್ಲಿನ ಹಿಂದೆಯೇ ತಡೆದರು. ನರ್ಜಿತ್ ಸುಕ್ಕಾದ ಡಬ್ಬಿ ತೆರೆದು ಒಂದು ತುಂಡು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು, ಕೆಮ್ಮಿದ, ನೀರಿನ ಬಾಟಲಿ ಹುಡುಕಿದ.

"ಚೆನ್ನಾಗಿದೆ ದೀದಿ" ಎಂದ ಉಸಿರು ತಿರುಗಿದ ಮೇಲೆ. "ಮುಂದಿನ ಸಲ ಮೆಣಸು ಸ್ವಲ್ಪ ಕಡಿಮೆ."